ಬಿನ್ ಲೇಟ್

ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆದುಕೊಡುವುದು, ಇನ್ನು ಮನೆ ಬಾಗಿಲಿಗೇ ಬರುತ್ತದಂತೆ. ಪೇಪರಿನಲ್ಲಿ ಓದಿ ಮೈ ಜುಮ್ಮೆಂದಿತು. ಇಷ್ಟು ದಿನ ಕರೆಯದೆ ಮನೆ ಬಾಗಿಲಿಗೆ ಬರುತ್ತಿದ್ದವನು ಯಮ ಒಬ್ಬನೇ. ಅವನ ಹಿಂದೆಯೇ ಗ್ರಾಮ ಆಡಳಿತ ಅಧಿಕಾರಿಯೂ ಬರುವುದಾದರೆ ತಿಥಿ ದಿನ ಎಲೆ ಒಂದು ಹೆಚ್ಚಿಗೆ ಹಾಕಿದರಾಯಿತು. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ಸತ್ತವರ ಹೆಸರಿನಲ್ಲೇ ಇವೆ ಎಂಬುದು ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಎದ್ದು ಕಂಡಿತು. ಸತ್ತವರು ಓಟಿಪಿ ಹೇಳಲಿಲ್ಲವಲ್ಲ, ಅಲ್ಲಿ ಸಿಕ್ಕಿಬಿದ್ದರು.

ನಮ್ಮ ಮನೆ ಬಾಗಿಲು ಮಾತ್ರ ಇನ್ನೂ ಅವರ ಕಣ್ಣಿಗೆ ಬಿದ್ದಿಲ್ಲ. ಹಾಲಿನ ಡೇರಿ ಪಕ್ಕ, ಹಸಿರು ಬಾಗಿಲು, ಹಾಸನದಿಂದ ಮುಕ್ಕಾಲು ಗಂಟೆ ದಾರಿ. ಯಮ ಯಾರನ್ನೂ ಕೇಳದೆ ನೇರವಾಗಿ ಬಂದಿದ್ದ.

ಅಪ್ಪ ಬಿಟ್ಟುಹೋದದ್ದು 1 ಎಕರೆ 12 ಗುಂಟೆ ಜಮೀನು, ಅದರಲ್ಲಿ ಹದಿನೆಂಟು ತೆಂಗಿನ ಮರ, ಒಂದು ಉಳಿತಾಯ ಖಾತೆ, ಮತ್ತೆ ತಮ್ಮದೇ ಹೆಸರಿನ ನಾಲ್ಕು ಸ್ಪೆಲ್ಲಿಂಗು. ಇಂಥ ಸಾಮ್ರಾಜ್ಯಕ್ಕೆ ವಾರಸುದಾರನಾಗುವ ಮುಂಚೆ ತೆರಿಗೆ ಕಟ್ಟಬೇಕೇನೋ ಎಂದು ಅಳುಕಿತ್ತು. 2024ರ ಏಪ್ರಿಲ್ ಗಲಾಟೆ ಮರೆತಿಲ್ಲವಲ್ಲ. ಹಾಸನದಲ್ಲಿ ಲೋಕಸಭೆ ಮತದಾನ 26ಕ್ಕೆ. ಅದಕ್ಕೆ ಎರಡು ದಿನ ಮುಂಚೆ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಉದಾಹರಣೆ ಎತ್ತಿ, ಅಲ್ಲಿ ಸತ್ತವರ ಆಸ್ತಿಯಲ್ಲಿ 55 ಪರ್ಸೆಂಟ್ ಸರ್ಕಾರ ಹಿಡಿಯುತ್ತೆ ಅಂದುಬಿಟ್ಟರು. ನಮ್ಮೂರ ಹೋಟೆಲಿನಲ್ಲಿ ಗುಂಟೆ ಜಾಗ ಇಲ್ಲದವರೂ ಪಿತ್ರಾರ್ಜಿತ ಹೋಯ್ತಲ್ಲಪ್ಪ ಎಂದು ಎದೆ ಬಡಿದುಕೊಂಡರು.

ಅಂಥ ತೆರಿಗೆ ನಮ್ಮಲ್ಲೂ ಇತ್ತು. ಎಸ್ಟೇಟ್ ಡ್ಯೂಟಿ ಅಂತ 1953ರಲ್ಲಿ ಬಂತು. ದೊಡ್ಡ ದೊಡ್ಡ ಆಸ್ತಿಗಳ ಮೇಲೆ 85 ಪರ್ಸೆಂಟ್‌ವರೆಗೂ ಏರಿತ್ತು. 1985ರಲ್ಲಿ ಹಣಕಾಸು ಮಂತ್ರಿ ವಿ.ಪಿ. ಸಿಂಗ್ ಅದನ್ನು ಕಿತ್ತುಹಾಕಿದರು. ಬರುವುದು 20 ಕೋಟಿಯಷ್ಟು, ವಸೂಲಿಯ ಖರ್ಚೇ ಭಾರ ಎಂಬುದು ಲೆಕ್ಕಾಚಾರ. ಬುದ್ಧಿವಂತರು. ಈಗ ತೆರಿಗೆ ಇಲ್ಲ, ವಸೂಲಿಯ ಖರ್ಚು ಮಾತ್ರ ನಾವು ಕಟ್ಟುತ್ತಿದ್ದೇವೆ, ಜೆರಾಕ್ಸ್ ಅಂಗಡಿಯಲ್ಲಿ.

ಸ್ಪೆಲ್ಲಿಂಗಿನ ವಿಷಯಕ್ಕೆ ಬರೋಣ. ಪಹಣಿಯಲ್ಲಿ ಅಪ್ಪನ ಹೆಸರಿಗೆ ಗೌಡ ಇದೆ. ಆಧಾರ್‌ನಲ್ಲಿ ಗೌಡ ಹೋಗಿ ಇನಿಷಿಯಲ್ ಬಂದಿದೆ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲು ಹಿಂದಿನಿಂದ ಎದ್ದು ಮುಂದಕ್ಕೆ ಬಂದು ಕೂತಿದೆ. ಮರಣ ಪ್ರಮಾಣ ಪತ್ರದಲ್ಲಿ ಒಂದು ದೀರ್ಘ ಬಿದ್ದುಹೋಗಿದೆ.

"ಇವರಲ್ಲಿ ಸತ್ತಿರೋದು ಯಾರು ಸ್ವಾಮಿ?" ಅಂದರು ಗುಮಾಸ್ತರು. ಕುಹಕವಲ್ಲ, ನಿಜವಾಗಿಯೇ ಕೇಳಿದರು.

"ಈ ದೀರ್ಘ ಇಲ್ಲದವರು."

"ಜಮೀನು ಇರೋದು ಗೌಡರ ಹೆಸರಲ್ಲಿ."

"ಹಂಗಾದ್ರೆ ಗೌಡರು ಬದುಕಿದಾರಾ ಸಾರ್?"

"ದಾಖಲೆ ಪ್ರಕಾರ, ಹೂಂ."

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಖುಷಿಯೇ ಆಯಿತು.

ಆಮೇಲೆ ನೋಟರಿ ಹತ್ತಿರ ಹೋಗಿ, ಈ ನಾಲ್ವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿದೆ. ಹತ್ತು ನಿಮಿಷದ ಕೆಲಸ. ಪಕ್ಕದ ಜಿಲ್ಲೆಯ ಶೃಂಗೇರಿಯಲ್ಲಿ ಸಾವಿರ ವರ್ಷದಿಂದ ಪಾಠ ಹೇಳುತ್ತಿರುವ ಅದ್ವೈತವನ್ನು ನಮ್ಮ ನೋಟರಿ ಒಂದು ಛಾಪಾ ಕಾಗದ, ಎರಡು ಸೀಲಿನಲ್ಲಿ ಮುಗಿಸಿಕೊಟ್ಟರು.

ಆ ಅಫಿಡವಿಟ್ಟಿನಲ್ಲಿ ನಾನು ಯಾರು ಅಂದರೆ "ಬಿನ್ ಲೇಟ್" ಇಂಥವರು. ಬಿನ್ ಅರಬ್ಬಿ, ಲೇಟ್ ಇಂಗ್ಲಿಷು, ಅಪ್ಪ ಮಾತ್ರ ಅಪ್ಪಟ ಕನ್ನಡ. ಪೌತಿ ಎಂಬುದೂ ಅರಬ್ಬಿಯ ಫೌತ್, ಸಾವು ಅಂತಲೇ ಅರ್ಥ, ಪಾರಸಿ ದಫ್ತರುಗಳ ಜೊತೆ ಬಂದು ಸೇರಿದ ಮಾತು. ಕನ್ನಡದಲ್ಲಿ ಸಾಯುವುದಕ್ಕೆ ಎಷ್ಟು ಪದಗಳಿವೆ! ತೀರಿಕೊಳ್ಳುತ್ತೇವೆ, ಹೋಗುತ್ತೇವೆ, ಶಿವನ ಪಾದ ಸೇರುತ್ತೇವೆ, ಬೇಡದವರಾದರೆ ನೆಗೆದು ಬೀಳುತ್ತೇವೆ. ಇಲಾಖೆ ಇವ್ಯಾವನ್ನೂ ಒಪ್ಪುವುದಿಲ್ಲ, ಪೌತಿಯೇ ಆಗಬೇಕು.

ಹಾಗಂತ ಕನ್ನಡಕ್ಕೆ ಜಮೀನಿನ ಕಾಗದ ಬರೆಯಲು ಬರುತ್ತಿರಲಿಲ್ಲ ಅಂತಲ್ಲ. ನಮ್ಮ ಜಿಲ್ಲೆಯದೇ ಹಲ್ಮಿಡಿ, ಬೇಲೂರು ತಾಲ್ಲೂಕು. ಕ್ರಿ.ಶ. 450ರ ಸುಮಾರಿನ ಆ ಶಾಸನವನ್ನು ಕನ್ನಡದ ಹುಟ್ಟುಪತ್ರ ಅನ್ನೋ ಹಾಗೆ ಪ್ರತಿ ನವೆಂಬರಿನಲ್ಲಿ ಹೊತ್ತು ಮೆರೆಸುತ್ತೇವೆ. ಅದರಲ್ಲಿರುವುದಾದರೂ ಏನು? ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎರಡು ಊರು ಬಾಳ್ಗಳ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಕೊಟ್ಟದ್ದು. ಖಾತೆ ಬದಲಾವಣೆ ಕಣ್ರೀ! ಒಟ್ಟು ಹದಿನಾರು ಸಾಲು. ಯಾರು ಕೊಟ್ಟರು, ಯಾರಿಗೆ, ಯಾಕೆ, ಸಾಕ್ಷಿ ಯಾರು, ಕೆಡಿಸಿದವನಿಗೆ ಮಹಾಪಾತಕ, ಮುಗಿಯಿತು. ವಿಜ ಅರಸನಿಗೆ ಇನಿಷಿಯಲ್ ಏನು ಎಂದು ಕೇಳಿದವರಿಲ್ಲ. ಕಲ್ಲನ್ನು ಜೆರಾಕ್ಸ್ ಮಾಡಿಸಿ ಮೂರು ಸೆಟ್ ಕೊಡಿ ಎಂದವರಿಲ್ಲ. ನನ್ನ ಅರ್ಜಿಯ ಕಂತೆಯಲ್ಲಿ ಮೊನ್ನೆಗೆ ನಲವತ್ತೊಂದು ಹಾಳೆ ಆಗಿತ್ತು. ಮಹಾಪಾತಕದ ಕಾಲಂ ಒಂದೇ ಇಲ್ಲ, ಅದನ್ನು ಮತ್ತೆ ಸೇರಿಸಿದರೆ ಫೈಲು ಓಡುತ್ತದೇನೋ.

ಬ್ಯಾಂಕಿನ ಕಥೆ ಚಿಕ್ಕದು. ಅಮ್ಮ ನಾಮಿನಿ. ನಾಮಿನಿ ಎಂದರೆ ಮಾಲೀಕಳಲ್ಲ, ದುಡ್ಡು ಇಸಿದುಕೊಂಡು ವಾರಸುದಾರರಿಗೆ ಹಂಚಬೇಕಾದವಳು, ಅಷ್ಟು ನನಗೂ ಗೊತ್ತು. ನಾಮಿನಿ ಇದ್ದಾಗ ಸಕ್ಸೆಷನ್ ಸರ್ಟಿಫಿಕೇಟ್, ಪ್ರೊಬೇಟ್ ಅಂತ ಪೀಡಿಸಬೇಡಿ, ಕಾಗದ ಸರಿ ಇದ್ದರೆ 15 ದಿನದಲ್ಲಿ ಇತ್ಯರ್ಥ ಮಾಡಿ ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಇನ್ನೊಮ್ಮೆ ಹೇಳಿದೆ. ಆ ಸುದ್ದಿ ಮುಂಬೈನಿಂದ ಹೊರಟು ಘಾಟಿ ಹತ್ತುತ್ತಿರಬೇಕು. ಮ್ಯಾನೇಜರ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು "ಪ್ರೊಬೇಟ್ ತಂದಿದ್ದೀರಾ?" ಅಂದರು. ಪ್ರೊಬೇಟ್ ಎಂದರೆ ಉಯಿಲು ಅಸಲಿಯೇ ಎಂದು ಕೋರ್ಟು ಕೊಡುವ ಮುದ್ರೆ. ಹಿಂದೂಗಳಿಗೆ ಅದು ಕಡ್ಡಾಯವಾಗಿದ್ದದ್ದು ಬ್ರಿಟಿಷರ ಕಲ್ಕತ್ತಾ, ಮದ್ರಾಸು, ಬಾಂಬೆ ಕಡೆಯವರಿಗೆ. ನಮ್ಮದು ಮೈಸೂರು ಸಂಸ್ಥಾನ. ಎಲ್ಲಕ್ಕಿಂತ ಮಿಗಿಲಾಗಿ, ಅಪ್ಪ ಉಯಿಲನ್ನೇ ಬರೆದಿರಲಿಲ್ಲ! ಹುಟ್ಟದ ಮಗುವಿಗೆ ನಾಮಕರಣದ ಫೋಟೋ ಕೇಳಿದ ಹಾಗೆ.

ಉಯಿಲಿಲ್ಲದೆ ಗಂಡಸು ಸತ್ತರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳ ಸಮಕ್ಕೆ ಹೆತ್ತ ತಾಯಿಯೂ ಮೊದಲ ವರ್ಗದ ವಾರಸುದಾರಳು. ಬಹಳ ಜನಕ್ಕೆ ಇದು ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹಾಗಾಗಿ ವಂಶವೃಕ್ಷದ ಮಹಜರಿಗೆ ನಮ್ಮಜ್ಜಿಯನ್ನೂ ಜಗಲಿಗೆ ಕರೆತಂದು ಕೂರಿಸಿದೆವು. ಬಂದ ಹುಡುಗ ಒಳ್ಳೆಯವನೇ. ಫಾರಂ ನೋಡಿಕೊಂಡು ಕೇಳಿದ, "ಅಜ್ಜಿ, ನಿಮ್ಮ ಮಗ ಮೃತಪಟ್ಟಿರೋ ವಿಷಯ ತಮ್ಮ ಗಮನಕ್ಕೆ ಬಂದಿದೆಯಾ?"

ಅಜ್ಜಿ ನನ್ನ ಮುಖ ನೋಡಿದಳು. ನಾನು ತೆಂಗಿನ ಮರ ನೋಡಿದೆ. ಅವಳ ಹೆಬ್ಬೆರಳು ಹಿಡಿದು ಇಂಕ್ ಪ್ಯಾಡಿಗೆ ಒತ್ತಿದೆ. ಕಳೆ ಕಿತ್ತೂ ಕಿತ್ತೂ ಗೆರೆಯೆಲ್ಲ ಅಳಿಸಿ ನುಣ್ಣಗಾದ ಬೆರಳು, ಕಾಗದದ ಮೇಲೆ ಬರೀ ನೀಲಿ ಮುದ್ದೆ ಬಿತ್ತು. "ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ" ಅಂದ. ಮೂರು ಸಲ ಒತ್ತಿಸಿದ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆ ಕಲೆ ಇನ್ನೂ ಹೋಗಿಲ್ಲ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾವನ್ನು ನೋಂದಾಯಿಸಿಕೊಂಡದ್ದು ಸರ್ಕಾರವೇ. ಪಹಣಿ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿ ಇಪ್ಪತ್ತೈದು ವರ್ಷವಾಯಿತು, ಅದೂ ಸರ್ಕಾರದ್ದೇ. ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಸಾವಿನ ಸುದ್ದಿ ಹೊತ್ತುಕೊಂಡು ಹೋಗುತ್ತಿರುವುದು ಮಾತ್ರ ನಮ್ಮಮ್ಮ, ಮಂಡಿ ನೋವಿನಲ್ಲಿ, ಕೆಂಪು ಬಸ್ಸಿನಲ್ಲಿ ನಿಂತುಕೊಂಡು. ಹೋದಲ್ಲೆಲ್ಲ "ಯಾವತ್ತು ತೀರಿಕೊಂಡ್ರು, ಹೇಗೆ ತೀರಿಕೊಂಡ್ರು" ಎಂದು ಕೇಳಿಸಿಕೊಂಡು, ಹೇಳಿ, ಸರ್ವರ್ ಇಲ್ಲ ಅನ್ನಿಸಿಕೊಂಡು ವಾಪಸ್ ಬರುತ್ತಾಳೆ. ಲಂಚ ಕೇಳಿದ್ದರೆ ಬೈದಾದರೂ ಕೊಡುತ್ತಿದ್ದೆ. ಯಾರೂ ಕೇಳಲೂ ಇಲ್ಲ. ನಾಳೆ ಬನ್ನಿ, ಅಷ್ಟೇ.

ಹಾಸನಾಂಬೆ ಗುಡಿಯಲ್ಲಿ ಸೊಸೆ ಕಲ್ಲು ಅಂತ ಒಂದಿದೆ. ಅತ್ತೆ ಕಾಟಕ್ಕೆ ಕಲ್ಲಾದವಳು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ನಂಬಿಕೆ. ನಮ್ಮ ಫೈಲು ಗುಮಾಸ್ತರ ಮೇಜಿನಿಂದ ಶಿರಸ್ತೇದಾರರ ಮೇಜಿಗೆ ಹೊರಟಿದೆ ಎಂದು ಕೇಳಿದಾಗಿನಿಂದ ನನಗೆ ಆ ಸೊಸೆಯದೇ ಯೋಚನೆ. ಯಾರು ಮೊದಲು ಮುಟ್ಟುತ್ತಾರೋ.

ಹೋದ ವಾರ ನೋಟಿಸು ಬಂತು. ಪೌತಿ ಖಾತೆ ಬದಲಾವಣೆಗೆ ಆಕ್ಷೇಪಣೆ ಇದ್ದವರು ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಅಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಅದೇನ್ ಕಾಗ್ದ ಮಗ?"

"ಅಪ್ಪ ಸತ್ತಿದ್ದಕ್ಕೆ ಯಾರ್ದಾದ್ರೂ ತಕರಾರು ಐತಾ ಅಂತ ಕೇಳವ್ರೆ ಅಜ್ಜಿ."

ಅಜ್ಜಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು.

"ನಂದೈತೆ ಅಂತ ಬರಿ."