ಊರು ಯಾವುದೇ ಇರಲಿ, ಬೆಂಗಳೂರಲ್ಲಿ ಇದ್ದೀರಿ ಅಂದರೆ ಇಲ್ಲೇ ಬರೆಸಿ

ಬೆಂಗಳೂರಲ್ಲಿ ಯಾರನ್ನಾದರೂ 'ನಿಮ್ಮೂರು ಯಾವುದು?' ಅಂತ ಕೇಳಿ ನೋಡಿ. ಹಾಸನ ಅಂತಾರೆ. ಕುಂದಾಪುರ, ಗದಗ, ರಾಯಚೂರು ಅಂತಾರೆ. ಲಗ್ಗೆರೆಯಲ್ಲೋ ಬನಶಂಕರಿಯಲ್ಲೋ ಇಪ್ಪತ್ತು ವರ್ಷದಿಂದ ಮನೆ ಮಾಡಿಕೊಂಡಿರುವವರೂ ಹಾಗೇ ಹೇಳುತ್ತಾರೆ. ನನಗೂ ಊರು ಅಂದರೆ ತಿಪಟೂರು ಹತ್ತಿರದ ಹಳ್ಳಿಯೇ. ತೋಟ ಅಲ್ಲಿದೆ, ಮನೆದೇವರು ಅಲ್ಲಿದೆ, ಹಬ್ಬಕ್ಕೆ ಬಸ್ಸು ಹತ್ತುವುದೂ ಅಲ್ಲಿಗೇ. ಈ ಪ್ರೀತಿ ಇರಬೇಕು.

ಆದರೆ ಜನಗಣತಿ ಬಂದಾಗ ಈ ಪ್ರೀತಿಯಿಂದಲೇ ಒಂದು ಎಡವಟ್ಟು ಆಗುತ್ತದೆ. ಮನೆ ಬಾಗಿಲಿಗೆ ಬಂದವರಿಗೆ 'ನಮ್ಮದು ಊರಲ್ಲಿ ಬರೆಸ್ತಾರೆ ಬಿಡಿ' ಅಂದು ಕಳಿಸಿಬಿಡುತ್ತೇವೆ. ಅಲ್ಲಿ ಊರಲ್ಲಿ ಅಪ್ಪ ಅಮ್ಮ 'ಮಗ ಬೆಂಗಳೂರಲ್ಲಿದ್ದಾನೆ' ಅನ್ನುತ್ತಾರೆ. ಅವರು ಹೇಳಿದ್ದು ಸರಿಯೇ. ಕೊನೆಗೆ ಮಗ ಎರಡೂ ಕಡೆ ಲೆಕ್ಕಕ್ಕೆ ಸಿಗುವುದಿಲ್ಲ.

ಜನಗಣತಿಯ ನಿಯಮ ತುಂಬಾ ಸರಳ. ಎಣಿಕೆ ನಡೆಯುವ ದಿನಗಳಲ್ಲಿ ನೀವು ಸಾಮಾನ್ಯವಾಗಿ ಎಲ್ಲಿ ವಾಸ ಇದ್ದೀರೋ ಅಲ್ಲಿ ನಿಮ್ಮ ಲೆಕ್ಕ. ವೋಟರ್ ಐಡಿ ಎಲ್ಲಿದೆ, ಆಧಾರ್‌ನಲ್ಲಿ ಯಾವ ವಿಳಾಸ ಇದೆ, ರೇಷನ್ ಕಾರ್ಡು ಯಾವ ತಾಲ್ಲೂಕಿನದು ಅನ್ನುವುದು ಇಲ್ಲಿ ಬರುವುದೇ ಇಲ್ಲ. ಇಲ್ಲಿ ಬರೆಸಿದರೆ ಊರಿನ ಹಕ್ಕು ಹೋಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಜಮೀನಿನ ಪಹಣಿಗೂ ಇದಕ್ಕೂ ಸಂಬಂಧ ಇಲ್ಲ. 2011ರ ನಮೂನೆಯಲ್ಲಿ ಹುಟ್ಟಿದ ಊರು ಯಾವುದು, ಇದಕ್ಕೆ ಮೊದಲು ಎಲ್ಲಿದ್ದಿರಿ, ಯಾಕೆ ಬಂದಿರಿ ಅಂತ ಬೇರೆ ಬೇರೆ ಪ್ರಶ್ನೆಗಳೇ ಇದ್ದವು. ಕೆಲಸಕ್ಕೆ ಬಂದಿರಾ, ಓದೋಕೆ ಬಂದಿರಾ, ಮದುವೆಯಾಗಿ ಬಂದಿರಾ ಎಲ್ಲವನ್ನೂ ಬರೆದುಕೊಂಡಿದ್ದರು. ನಿಮ್ಮ ಊರಿಗೆ ಅಲ್ಲಿ ಜಾಗ ಇದೆ.

ನಮ್ಮನ್ನು ಕೊನೆಯ ಸಲ ಎಣಿಸಿದ್ದು 2011ರ ಫೆಬ್ರವರಿಯಲ್ಲಿ. ಆಗ ಬೆಂಗಳೂರಲ್ಲಿ ಮೆಟ್ರೋ ಇನ್ನೂ ಓಡಿರಲಿಲ್ಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಬಿಟ್ಟಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೊರೊನಾದಿಂದ ನಿಂತುಹೋಯಿತು, ಆಮೇಲೆ ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಎರಡು ಹಂತದಲ್ಲಿ ಮಾಡುತ್ತಿದ್ದಾರೆ. ಮನೆಗಳನ್ನೂ ಅಲ್ಲಿನ ಸೌಲಭ್ಯಗಳನ್ನೂ ಬರೆದುಕೊಳ್ಳುವ ಮನೆಪಟ್ಟಿ ಹಂತಕ್ಕೆ ದೇಶದಾದ್ಯಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಂತ ಗೊತ್ತು ಮಾಡಿದರು. ತಲೆ ಎಣಿಸುವ ಹಂತ 2027ರ ಫೆಬ್ರವರಿಗೆ. 2027ರ ಮಾರ್ಚ್ 1ರ ನಡುರಾತ್ರಿಗೆ ದೇಶದಲ್ಲಿ ಎಷ್ಟು ಜನ ಇದ್ದರು ಅನ್ನುವುದೇ ಆ ಲೆಕ್ಕ. 2011ರ ಗಣತಿ ಮುಗಿದ ಮೇಲೆ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ವಯಸ್ಸಿಗೆ ಬಂದಿರುತ್ತದೆ.

2011ರಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷದ 43 ಸಾವಿರ. ಇವತ್ತು ಎಷ್ಟು? ಒಬ್ಬರು ಒಂದೂಕಾಲು ಕೋಟಿ ಅಂತಾರೆ, ಇನ್ನೊಬ್ಬರು ಒಂದೂವರೆ ಕೋಟಿ ಅಂತಾರೆ. ನಡುವಿನ ಅಂತರವೇ ಇಪ್ಪತ್ತೈದು ಲಕ್ಷ. ಅಷ್ಟು ಜನ ಇದ್ದಾರೋ ಇಲ್ಲವೋ ಅಂತ ಗೊತ್ತಿಲ್ಲದೆ ಪೈಪು, ಬಸ್ಸು, ಆಸ್ಪತ್ರೆ ಹೇಗೆ ಯೋಜನೆ ಮಾಡುತ್ತಾರೆ ಹೇಳಿ?

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ನಮಗೆಲ್ಲ ಜಾಸ್ತಿ ಅರ್ಥವಾಗುವುದು ಅದೇ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಹಾಗಾಗಿ ಅಷ್ಟಕ್ಕೆ ಮಾತ್ರ ನೀರು ಅಂದರು. ಅದರಲ್ಲೂ ಅರ್ಧ ಅಗತ್ಯ ಬೋರ್‌ವೆಲ್ಲಿನಿಂದ ನೀಗುತ್ತದೆ ಅಂದುಕೊಂಡರು. ಅಂದರೆ ಉಳಿದ ಮೂರನೇ ಎರಡು ಭಾಗದ ಜನ ಆ ಲೆಕ್ಕದಲ್ಲಿ ಇರಲೇ ಇಲ್ಲ. ಇದನ್ನು ಸರಿಪಡಿಸಿಕೊಳ್ಳಲು ರಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಸಿಕ್ಕಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ ಕೊಟ್ಟಿದ್ದು. ನಾಳೆ ಮತ್ತೆ ಇಂಥ ವಾದ ಬಂದರೆ ನಮ್ಮ ವಕೀಲರ ಕೈಯಲ್ಲಿ ಏನಿರಬೇಕು? ಅಂದಾಜು ಹಿಡಿದುಕೊಂಡು ಹೋದರೆ ಎದುರಿನವರು ಅದನ್ನು ಎರಡು ನಿಮಿಷದಲ್ಲಿ ಬೀಳಿಸುತ್ತಾರೆ. ಜನಗಣತಿಯ ಅಂಕಿಯನ್ನು ಹಾಗೆ ತಳ್ಳಿಹಾಕುವುದು ಕಷ್ಟ.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕೇಳಿದಷ್ಟು ಕೊಟ್ಟು, ಅಪಾರ್ಟ್‌ಮೆಂಟಿನವರೂ ಬಕೆಟ್ ಲೆಕ್ಕದಲ್ಲಿ ನೀರು ಬಳಸಿದ್ದನ್ನು ಯಾರೂ ಮರೆತಿಲ್ಲ. ವರ್ತೂರು, ಬೆಳ್ಳಂದೂರು, ಮಹದೇವಪುರದ ಕಡೆಯವರಂತೂ ಮರೆಯಲು ಸಾಧ್ಯವೇ ಇಲ್ಲ. ಆ ಭಾಗಗಳಲ್ಲಿ 2011ರ ಲೆಕ್ಕದ ಹೊತ್ತಿಗೆ ಹೊಲವೋ ತೋಪೋ ಆಗಿದ್ದ ಎಷ್ಟೋ ಜಾಗದಲ್ಲಿ ಈಗ ಟವರ್‌ಗಳಿವೆ. ಅಲ್ಲಿ ಇರುವವರು 2027ರಲ್ಲೂ ಬಾಗಿಲು ತೆಗೆಯದಿದ್ದರೆ ಸರ್ಕಾರಿ ಕಾಗದದಲ್ಲಿ ಆ ಟವರ್‌ಗಳು ಅರ್ಧ ಖಾಲಿ.

ವಾರ್ಡಿನ ಕಥೆಯೂ ಇದೇ. ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ 198 ವಾರ್ಡು 243 ಆಯಿತು, 225 ಆಯಿತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ, 369 ವಾರ್ಡು. ಇಷ್ಟು ಸಲ ಗಡಿ ಬದಲಿಸಿದರೂ ಕೈಯಲ್ಲಿದ್ದ ಜನಸಂಖ್ಯೆ ಮಾತ್ರ 2011ರದ್ದೇ. ಆ ಲೆಕ್ಕದಲ್ಲಿ ಒಂದು ವಾರ್ಡಿಗೆ ಸರಾಸರಿ 23 ಸಾವಿರ ಜನ. ಚಾಮರಾಜಪೇಟೆಯಂಥ ಹಳೇ ಬಡಾವಣೆಯಲ್ಲಿ ಅದು ಹತ್ತಿರ ಇರಬಹುದು. ಹೊರವಲಯದಲ್ಲಿ ಹಾಗೆ ಇದೆ ಅಂತ ಯಾರೂ ನಂಬುವುದಿಲ್ಲ. ವಿಧಾನಸಭೆ ಕ್ಷೇತ್ರಗಳ ಗಡಿಯಂತೂ ಇನ್ನೂ ಹಳೆಯದು, 2001ರ ಗಣತಿಯ ಮೇಲೆ ಹಾಕಿದ್ದು. ಮಹದೇವಪುರದಲ್ಲಿ ಶೃಂಗೇರಿಗಿಂತ ಮೂರು ಪಟ್ಟಿಗೂ ಹೆಚ್ಚು ಮತದಾರರಿದ್ದಾರೆ. ಇಬ್ಬರಿಗೂ ಒಬ್ಬೊಬ್ಬರೇ ಶಾಸಕರು.

ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 50 ಸಾವಿರ ಜನಕ್ಕೆ ಒಂದು ಅನ್ನುವ ಮಾನದಂಡ ಇದೆ. ಅಂಗನವಾಡಿಗೂ ಜನಸಂಖ್ಯೆಯದೇ ಲೆಕ್ಕ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನಕ್ಕೆ ರೇಷನ್ ಅನ್ನುವ ಮಿತಿ ಇವತ್ತಿಗೂ 2011ರ ಜನಸಂಖ್ಯೆಗೆ ಕಟ್ಟಿಹಾಕಿದೆ. ಹೊಸದಾಗಿ ಬಂದ ಬಡ ಕುಟುಂಬ ಕಾರ್ಡಿಗೆ ಅಲೆದು ಅಲೆದು ಸುಸ್ತಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬೆಂಗಳೂರಲ್ಲಿ ಎಣಿಕೆಯಿಂದ ತಪ್ಪಿಹೋಗುವವರು ಯಾರು? ನನಗೆ ಮೊದಲು ನೆನಪಾಗುವುದು ಪಿಜಿಗಳು. ಬಿಟಿಎಂ, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದೊಂದು ಬೀದಿಯಲ್ಲೇ ನೂರಾರು ಹುಡುಗ ಹುಡುಗಿಯರು ಇರುತ್ತಾರೆ. ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಮಾಲೀಕರಿಗೆ ಒಂದು ಅಳುಕು. ಇಷ್ಟು ಜನ ಇದ್ದಾರೆ ಅಂತ ಬರೆಸಿದರೆ ತೆರಿಗೆಯವರೋ ಲೈಸೆನ್ಸಿನವರೋ ಬಂದುಬಿಡುತ್ತಾರೆ ಅಂತ. ಆದರೆ ಜನಗಣತಿಯಲ್ಲಿ ಹಾಸ್ಟೆಲ್‌ನಂಥ ಕಡೆ ಒಟ್ಟಿಗೆ ಉಂಡು ಇರುವವರನ್ನು ಎಣಿಸಲು ಬೇರೆ ವ್ಯವಸ್ಥೆಯೇ ಇದೆ. ಅಲ್ಲಿ ಬರೆಸಿದ್ದು ತೆರಿಗೆ ಇಲಾಖೆಗೆ ಹೋಗುವುದಿಲ್ಲ.

ಆಮೇಲೆ ಕಟ್ಟಡ ಕೆಲಸದವರ ಶೆಡ್ಡುಗಳು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಸಂಸಾರ ಸಮೇತ ಬಂದವರು. ಈ ನಗರವನ್ನು ಕೈಯಾರೆ ಕಟ್ಟುತ್ತಿರುವವರೇ ನಗರದ ಲೆಕ್ಕದಲ್ಲಿ ಇಲ್ಲದೆ ಹೋಗುವುದು ನನಗೆ ಸಹಿಸಲಾಗದ ಮಾತು. ಆ ಶೆಡ್ಡಿನ ಮಕ್ಕಳಿಗೆ ಅಂಗನವಾಡಿ ಹತ್ತಿರ ಇರಬೇಕು ಅಂದರೆ ಮೊದಲು ಅಲ್ಲಿ ಮಕ್ಕಳು ಇದ್ದಾರೆ ಅಂತ ಗೊತ್ತಾಗಬೇಕಲ್ವಾ? ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಾಲ್ಕೈದು ಜನ ಸೇರಿ ಒಂದು ರೂಮು ಮಾಡಿಕೊಂಡಿರುತ್ತಾರೆ. ಹಗಲು ಹೋದರೆ ಆ ರೂಮಿಗೆ ಬೀಗ.

ಇನ್ನು ದೊಡ್ಡ ಅಪಾರ್ಟ್‌ಮೆಂಟುಗಳು. ಇವರಿಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ರಸ್ತೆ ಗುಂಡಿ, ಟ್ರಾಫಿಕ್ಕು, ನೀರು ಅಂತ ಎಲ್ಲರಿಗಿಂತ ಜಾಸ್ತಿ ಬರೆಯುವವರು ನಾವೇ. ಗಣತಿಯವರನ್ನು ಗೇಟಲ್ಲೇ ನಿಲ್ಲಿಸುವವರೂ ನಾವೇ. ಸೆಕ್ಯೂರಿಟಿ ಇಂಟರ್‌ಕಾಮ್‌ನಲ್ಲಿ ಕೇಳಿದರೆ 'ಬಿಜಿ, ಆಮೇಲೆ ಬರೋಕೆ ಹೇಳಿ' ಅನ್ನುತ್ತೇವೆ. ಒಬ್ಬ ಗಣತಿದಾರರಿಗೆ ಏಳೆಂಟು ನೂರು ಜನರನ್ನು ಬರೆಯುವ ಹೊಣೆ ಇರುತ್ತದೆ. ಹೆಚ್ಚಿನವರು ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರುಗಳು. ಅವರು ಒಂದೇ ಬಾಗಿಲಿಗೆ ಎಷ್ಟು ಸಲ ಬರಬೇಕು?

2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮಾಡಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಬೆಂಗಳೂರು ಬೇರೆ ಜಿಲ್ಲೆಗಳಿಗಿಂತ ತುಂಬಾ ಹಿಂದೆ ಬಿತ್ತು. 60 ಪ್ರಶ್ನೆ ಜಾಸ್ತಿ ಆಯಿತು ಅಂತ ಹಲವರು ಬೇಸರ ಮಾಡಿಕೊಂಡರು. ಅದರಲ್ಲಿ ಭಾಗವಹಿಸುವುದು ಕಡ್ಡಾಯ ಅಲ್ಲ ಅಂತ ಹೈಕೋರ್ಟೂ ಹೇಳಿತ್ತು. ಈಗ ಅನೇಕರು 'ಅವತ್ತೇ ಬರೆಸಿದೆವಲ್ಲ' ಅಂತಲೋ, 'ಇಷ್ಟ ಇಲ್ಲದಿದ್ದರೆ ಬಿಡಬಹುದು' ಅಂತಲೋ ಅಂದುಕೊಂಡಿದ್ದಾರೆ. ಇದು ಬೇರೆ. ಇದು ಕೇಂದ್ರ ಸರ್ಕಾರದ ಜನಗಣತಿ, 1948ರ ಕಾಯ್ದೆಯ ಕೆಳಗೆ ನಡೆಯುವುದು. ಕೇಳಿದ್ದಕ್ಕೆ ತಿಳಿದ ಮಟ್ಟಿಗೆ ಉತ್ತರ ಕೊಡಲೇಬೇಕು. ಈ ಸಲ ಇದರಲ್ಲೂ ಜಾತಿ ಕೇಳುತ್ತಾರೆ. 1931ರ ನಂತರ ಎಲ್ಲರ ಜಾತಿಯನ್ನೂ ಜನಗಣತಿಯಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಹೆದರಿಕೆ ಇರುವವರಿಗೆ ಆ ಕಾಯ್ದೆಯ 15ನೇ ಸೆಕ್ಷನ್ ಬಗ್ಗೆ ಹೇಳಬೇಕು. ನೀವು ಕೊಟ್ಟ ಉತ್ತರವನ್ನು ಯಾರೂ ತೆರೆದು ನೋಡುವ ಹಾಗಿಲ್ಲ. ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವ ಹಾಗೂ ಇಲ್ಲ. ಹೊರಗೆ ಬರುವುದು ಒಟ್ಟು ಅಂಕಿ ಮಾತ್ರ. 8ನೇ ಸೆಕ್ಷನ್ನಿನಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಮಾತಿದೆ. ಗಂಡನ ಹೆಸರು ಹೇಳುವಂತೆ ಯಾವ ಹೆಂಗಸನ್ನೂ ಬಲವಂತ ಮಾಡುವಂತಿಲ್ಲ ಅಂತ. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯಂದಿರನ್ನೂ ನೆನಪಿಟ್ಟುಕೊಂಡು ಬರೆದ ಕಾನೂನು ಅದು. ಜನಗಣತಿಯವರು ದಾಖಲೆ ಪತ್ರ ಕೇಳುವುದಿಲ್ಲ. ಬ್ಯಾಂಕ್ ಖಾತೆ, ಪಿನ್ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅವರು ಗಣತಿಯವರಲ್ಲ ಅಂತ ತಿಳಿಯಿರಿ. ಅನುಮಾನ ಇದ್ದರೆ ಗುರುತಿನ ಚೀಟಿ ತೋರಿಸಿ ಅನ್ನಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಭಾಷೆಯ ಕಾಲಂ ಬಗ್ಗೆಯೂ ಒಂದು ಮಾತು. 2011ರ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆ ಅಂದವರು ಅರ್ಧಕ್ಕಿಂತ ಕಡಿಮೆ. ಈ ಅಂಕಿ ಹಿಡಿದುಕೊಂಡು ಕನ್ನಡದ ವಿರುದ್ಧವೂ ವಾದ ಮಾಡುತ್ತಾರೆ. ಆದರೆ ಮಾತೃಭಾಷೆಯ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆ ಬರೆಸಲೂ 2011ರಲ್ಲಿ ಜಾಗ ಇತ್ತು. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ, ಬೀದಿಯಲ್ಲಿ ಚೆಂದದ ಕನ್ನಡ ಮಾತಾಡುವ ಲಕ್ಷಾಂತರ ಜನ ಇಲ್ಲಿದ್ದಾರೆ. ಅಂಥ ಪ್ರಶ್ನೆ ಬಂದಾಗ ದಯವಿಟ್ಟು ಕನ್ನಡವನ್ನು ಬಿಡಬೇಡಿ. ತುಳುವರು ತುಳು ಅಂತಲೇ ಬರೆಸಿ, ಕೊಡವರು ಕೊಡವ ಅಂತಲೇ ಬರೆಸಿ. ಲಂಬಾಣಿ ಆಡುವವರು ಲಂಬಾಣಿ ಅಂತಲೇ ಹೇಳಿ. ಜನಗಣತಿಯ ಪಟ್ಟಿಯಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸುತ್ತಾ ಬಂದಿದ್ದಾರೆ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ತಪ್ಪನ್ನು ಪ್ರಶ್ನಿಸಲು ಬೇಕಾದ ಸಂಖ್ಯೆ ಸಿಗುವುದೂ ನೀವು ಬರೆಸಿದರೆ ಮಾತ್ರ.

ಈ ಸಲ ಮೊಬೈಲಲ್ಲೇ ನೀವೇ ತುಂಬುವ ಅವಕಾಶವೂ ಇದೆ. ಸ್ವಯಂ ಗಣತಿ ಅಂತ. ತುಂಬಿದ ಮೇಲೆ ಒಂದು ಐಡಿ ಬರುತ್ತದೆ. ಅದನ್ನು ಮನೆಗೆ ಬಂದ ಗಣತಿದಾರರಿಗೆ ತೋರಿಸಬೇಕು. ಅದೊಂದು ಮರೆಯಬೇಡಿ.

ಅಸೋಸಿಯೇಷನ್ ಪದಾಧಿಕಾರಿಗಳೇ, ಗೇಟಿನವರಿಗೆ ಮೊದಲೇ ಹೇಳಿಡಿ. ಗಣತಿದಾರರಿಗೆ ಕೂರಲು ಕ್ಲಬ್‌ಹೌಸಿನಲ್ಲಿ ಒಂದು ಮೇಜು ಕೊಡಿ, ಯಾವ ಬ್ಲಾಕಿಗೆ ಯಾವಾಗ ಬರುತ್ತಾರೆ ಅಂತ ಗ್ರೂಪಿನಲ್ಲಿ ಹಾಕಿ. ಪಿಜಿ ನಡೆಸುವವರು ಭಾನುವಾರ ಸಂಜೆಯ ಹೊತ್ತು ಗೊತ್ತು ಮಾಡಿಕೊಡಿ. ಮೇಸ್ತ್ರಿಗಳು, ಕಂಟ್ರಾಕ್ಟರುಗಳು ಶೆಡ್ಡಿನವರ ಹತ್ತಿರ ಕರೆದುಕೊಂಡು ಹೋಗಿ. ಉಳಿದ ನಾವೆಲ್ಲ ಮನೆಗೆಲಸಕ್ಕೆ ಬರುವ ಅಕ್ಕನನ್ನು, ಸೆಕ್ಯೂರಿಟಿಯ ಅಣ್ಣನನ್ನು, ಇಸ್ತ್ರಿಯವರನ್ನು ಕೇಳೋಣ, ನಿಮ್ಮ ಮನೆಗೆ ಬಂದಿದ್ದರಾ ಅಂತ. ಬಂದಿಲ್ಲ ಅಂದರೆ, ಅವರ ಬೀದಿಯ ಗಣತಿದಾರರು ಯಾರು ಅಂತ ವಾರ್ಡ್ ಕಚೇರಿಯಲ್ಲಿ ನಾವೇ ವಿಚಾರಿಸಿ ಹೇಳೋಣ.