ನಿಂಬೆಹಣ್ಣು ಇದ್ದ ಮೇಲೆ ಇನ್ಶೂರೆನ್ಸ್ ಯಾಕೆ?

ಆಯುಧಪೂಜೆಯ ಮಾರನೇ ದಿನ ಇಂಗ್ಲೆಂಡಿನ ನಮ್ಮ ರೆಡಿಂಗ್ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಯಾರೋ ಒಂದು ಫೋಟೊ ಹಾಕಿದ್ದರು. ಫುಟ್‌ಪಾತ್ ಪಕ್ಕ ಕೆಂಪು ಕಲೆ, ಅದರ ನಡುವೆ ಅಪ್ಪಚ್ಚಿಯಾದ ನಿಂಬೆಹಣ್ಣು. ಇದು ರಕ್ತವಾ, ಪೊಲೀಸರಿಗೆ ಫೋನ್ ಮಾಡಬೇಕಾ ಅಂತ ಕೇಳಿದ್ದರು. ಆ ನಿಂಬೆಹಣ್ಣು ನಮ್ಮದಲ್ಲ. ಎರಡು ಬೀದಿ ಆಚೆಯ ಯಾವುದೋ ಮನೆಯವರದು. ಆದರೂ ಸುಮ್ಮನಿರಲು ಆಗಲಿಲ್ಲ. ಗಾಬರಿ ಬೇಡ, ಅದು ಕುಂಕುಮ, ನಿನ್ನೆ ನಮ್ಮ ಹಬ್ಬ, ಗಾಡಿಗೆ ಏನೂ ಆಗದಿರಲಿ ಅಂತ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ ಅಂತ ನಾಲ್ಕು ಸಾಲು ಬರೆದೆ.

ಐದು ನಿಮಿಷಕ್ಕೆ ಉತ್ತರ ಬಂತು. ಬರೆದವನ ಮುಖ ಇಲ್ಲ, ಪ್ರೊಫೈಲ್‌ನಲ್ಲಿ ಒಂದು ನಾಯಿಯ ಫೋಟೊ. 'ಹಾಗಾದರೆ ನಿಂಬೆಹಣ್ಣು ಕಾರು ಕಾಯುತ್ತದೆ. ಮತ್ತೆ ಇನ್ಶೂರೆನ್ಸ್ ಯಾಕೆ ಕಟ್ಟುತ್ತೀರಿ?'

ಚುರ್ ಅಂತು. ನಗು ಬಂದಿದ್ದು ಆಮೇಲೆ.

ಅಲ್ಲಿಂದ ಶುರುವಾದ ಜಗಳ ಆ ವಾರವೆಲ್ಲ ನಡೆಯಿತು. ಊಟ ಆದ ಮೇಲೆ ನಾನು ಬರೆಯುವುದು, ಮಲಗುವ ಮುಂಚೆ ಅವನು ಬರೆಯುವುದು. ಚಂದ್ರಯಾನ-3 ಹಾರುವ ಹಿಂದಿನ ದಿನ, 2023ರ ಜುಲೈನಲ್ಲಿ, ಇಸ್ರೋದವರು ಅದರ ಪುಟ್ಟ ಮಾದರಿ ಹಿಡಿದುಕೊಂಡು ತಿರುಪತಿಗೆ ಹೋಗಿದ್ದರಲ್ಲ, ಆ ಸುದ್ದಿಯನ್ನು ಎಲ್ಲಿಂದಲೋ ಹುಡುಕಿ ತಂದ. ರಾಕೆಟ್ಟಿಗೂ ನಿಂಬೆಹಣ್ಣಾ ಅಂತ ಕೇಳಿದ. ನಾನೇನು ಕಡಿಮೆ? ಅದೇ ವರ್ಷ ಮೇ 6ರಂದು ನಿಮ್ಮ ರಾಜನಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಪರದೆ ಅಡ್ಡ ಹಿಡಿದು ಎಣ್ಣೆ ಹಚ್ಚಿದರು, ಆ ಎಣ್ಣೆಯನ್ನು ಜೆರುಸಲೇಮಿನಲ್ಲಿ ಮಂತ್ರಿಸಿ ತಂದಿದ್ದರು, ಅದೇನು ಎಂಜಿನ್ ಆಯಿಲ್ಲಾ ಅಂದೆ. ಈಗ ಸಿಕ್ಕಿಬಿದ್ದ ಅಂದುಕೊಂಡೆ. ಅವನು ಬರೆದ: 'ಅದೂ ಹುಚ್ಚಾಟವೇ. ಅದೂ ನನ್ನ ತೆರಿಗೆ ದುಡ್ಡಿನಲ್ಲಿ.'

ಇದು ನಾನು ಎಣಿಸಿರದ ಉತ್ತರ. ಎದುರಿನವನ ಮನೆಯ ದೇವರನ್ನು ಎಳೆದು ತಂದರೆ ಅವನು ತನ್ನ ಮನೆ ಕಾಯಲು ಓಡುತ್ತಾನೆ, ಆಗ ನಮ್ಮ ಮನೆಯ ಮಾತು ಮರೆತುಹೋಗುತ್ತದೆ. ನಾವು ವಾದ ಗೆಲ್ಲುವುದೇ ಹಾಗಲ್ವಾ? ಈ ಮನುಷ್ಯ ಓಡಲೇ ಇಲ್ಲ. ಇಡೀ ವಾರ ನನ್ನ ಹೆಸರು, ದೇಶ, ಇಲ್ಲಿಗೆ ಯಾವಾಗ ಬಂದೆ, ಯಾಕೆ ಬಂದೆ ಒಂದನ್ನೂ ಕೇಳಲಿಲ್ಲ. ಕೇಳಿದ್ದೆಲ್ಲ ನಿಂಬೆಹಣ್ಣಿನ ಬಗ್ಗೆ.

ಒಂದು ಸಲ ಮಾತ್ರ ನೇರವಾಗಿ, ನೀವು ಇದನ್ನು ನಂಬುತ್ತೀರಾ ಅಂದ. ಅಲ್ಲಿ ನಾನು ತಡವರಿಸಿದೆ. ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಅಲ್ಲಿ ಮೇಷ್ಟ್ರಾಗಿದ್ದ ವಿಚಾರವಾದಿ ಎಚ್. ನರಸಿಂಹಯ್ಯನವರನ್ನು ಹತ್ತಿರದಿಂದ ಕಂಡವರು. ಮೇಷ್ಟ್ರ ಹೆಸರು ಹೇಳಿದರೆ ಈಗಲೂ ಎದ್ದು ನಿಲ್ಲುವಂಥವರು. ಆದರೆ ಅವರ ಸ್ಕೂಟರಿಗೆ ಒಂದು ವರ್ಷವೂ ಪೂಜೆ ತಪ್ಪಿದ್ದಿಲ್ಲ. ಇದನ್ನು ನಂಬ್ತೀರಾ ಚಿಕ್ಕಪ್ಪ ಅಂತ ಕೇಳಿದರೆ, 'ನಂಬಿಕೆ ಗಿಂಬಿಕೆ ಏನಿಲ್ಲ ಕಣೋ. ವರ್ಷಕ್ಕೊಂದ್ಸಲ ಗಾಡಿ ತೊಳೀತೀವಲ್ಲ, ಅದಕ್ಕೆ' ಅಂದರು. ಇದನ್ನೇ ಅವನಿಗೆ ಬರೆದೆ. ಇಷ್ಟು ದಿನದಲ್ಲಿ ಕೇಳಿದ್ದರಲ್ಲಿ ಇದೇ ಒಳ್ಳೆಯ ಕಾರಣ ಅಂತ ಉತ್ತರ ಬಂತು.

ಖುಷಿಯಲ್ಲಿ ಅದೇ ಪ್ರಶ್ನೆಯನ್ನು ಕನ್ನಡದ ಒಂದು ದೊಡ್ಡ ಫೇಸ್‌ಬುಕ್ ಗುಂಪಿನಲ್ಲಿ ಹಾಕಿದೆ. ನಿಂಬೆಹಣ್ಣು ಇದ್ದ ಮೇಲೆ ಇನ್ಶೂರೆನ್ಸ್ ಯಾಕೆ, ಏನಂತೀರಿ? ಅಲ್ಲೂ ಎಲ್ಲರೂ ಅಪರಿಚಿತರೇ.

ಮೊದಲ ಕಾಮೆಂಟು: 'ಯಾವೂರು ಸರ್ ನಿಮ್ದು?' ತಿಪಟೂರು ಕಡೆ ಅಂದೆ. ಎರಡನೆಯದು: 'ಮನೆದೇವ್ರು ಯಾವ್ದು?' ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ತಪ್ಪಾಯಿತು, ಊಹೆಗಳು ಶುರುವಾದವು. ಇದೇ ಪ್ರಶ್ನೆಯನ್ನು 'ಅವರಿಗೆ' ಕೇಳುವ ಧೈರ್ಯ ಇದೆಯಾ ಅಂತ ಒಬ್ಬರು. ಪೌಂಡು ಎಣಿಸೋಕೆ ಶುರು ಮಾಡಿದ ಮೇಲೆ ತಾಯಿ ಬೇರು ಮರೆತಿದ್ದೀರಿ ಅಂತ ಇನ್ನೊಬ್ಬರು. ವಿಚಾರವಾದಿಗಳಾದರೂ ಕೈ ಹಿಡಿಯುತ್ತಾರೆ ಅಂದುಕೊಂಡರೆ ಅವರದೂ ಅದೇ ಕಥೆ. ನನ್ನ ಹಳೇ ಫೋಟೊಗಳನ್ನೆಲ್ಲ ಜಾಲಾಡಿ, ಹಣೆಯಲ್ಲಿ ಕುಂಕುಮ ಇರುವ ಒಂದನ್ನು ಹುಡುಕಿ ತೆಗೆದು, ಇವನು ನಾಟಕದ ಗಿರಾಕಿ, ಒಳಗೆ ಭಕ್ತ ಅಂತ ಬರೆದರು. ಒಂದು ಕಡೆಯವರಿಗೆ ನಾನು ಧರ್ಮದ್ರೋಹಿ, ಇನ್ನೊಂದು ಕಡೆಯವರಿಗೆ ವೇಷಧಾರಿ. ನಿಂಬೆಹಣ್ಣಿನ ಸುದ್ದಿ ಯಾರೂ ಎತ್ತಲಿಲ್ಲ.

ನನ್ನ ತಕರಾರು ಇಷ್ಟೇ. ನಮ್ಮಲ್ಲಿ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಕೇಳಿದವನ ಜಾತಕ ಬೇಕು. ಯಾರ ಮಗ, ಯಾರ ಕಡೆ, ಯಾರು ಕಳಿಸಿದರು. ಅದು ಸಿಕ್ಕಿತು ಅಂದರೆ ಉತ್ತರದ ಕೆಲಸವೇ ಮುಗಿಯಿತು.

ಕಾಗದದ ಮೇಲೆ ನೋಡಿದರೆ ಎಲ್ಲ ಉಲ್ಟಾ ಇರಬೇಕಿತ್ತು. ನಮ್ಮ ಸಂವಿಧಾನದ 51ಎ ವಿಧಿ, 1976ರ ತಿದ್ದುಪಡಿಯಲ್ಲಿ ಬಂದದ್ದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅನ್ನುತ್ತದೆ. ಕರ್ತವ್ಯ! ಇಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ ರಾಜನೇ ಚರ್ಚಿಗೂ ಮುಖ್ಯಸ್ಥ. ಮೇಲ್ಮನೆಯಲ್ಲಿ 26 ಬಿಷಪ್ಪರು ಹುದ್ದೆಯ ಬಲದಿಂದಲೇ ಕೂರುತ್ತಾರೆ. ಸರ್ಕಾರಿ ಶಾಲೆಗಳಲ್ಲೂ ದಿನಾ ಪ್ರಾರ್ಥನೆ ನಡೆಸಬೇಕು ಅಂತ ಕಾನೂನಿದೆ. ಆದರೆ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37ರಷ್ಟು ಜನ 'ಧರ್ಮ ಇಲ್ಲ' ಅಂತ ಬರೆದುಕೊಟ್ಟರು. ಹತ್ತು ವರ್ಷದ ಹಿಂದೆ ಅದು ಶೇ. 25 ಇತ್ತು. ಇದಕ್ಕಾಗಿ ಯಾರ ಮನೆಯ ಕಿಟಕಿ ಗಾಜೂ ಒಡೆಯಲಿಲ್ಲ.

2009ರ ಜನವರಿಯಲ್ಲಿ ಲಂಡನ್ನಿನ ಕೆಂಪು ಬಸ್ಸುಗಳ ಮೇಲೆ ಒಂದು ಜಾಹೀರಾತು ಬಂದಿತ್ತು. ದೇವರು ಬಹುಶಃ ಇಲ್ಲ, ಚಿಂತೆ ಬಿಟ್ಟು ಹಾಯಾಗಿರಿ ಅನ್ನುವ ಅರ್ಥದ್ದು. ಆ 'ಬಹುಶಃ' ನೋಡಿ, ಎಷ್ಟು ಮರ್ಯಾದೆ! ದೂರುಗಳು ಹೋದವು, ಜಾಹೀರಾತು ನೋಡಿಕೊಳ್ಳುವ ಸಂಸ್ಥೆ ಇದರಲ್ಲಿ ತಪ್ಪಿಲ್ಲ ಅಂತ ಕೈಬಿಟ್ಟಿತು. ಕೆಲವು ಕ್ರೈಸ್ತ ಗುಂಪಿನವರು ತಾವೂ ದುಡ್ಡು ಕೊಟ್ಟು, ದೇವರು ಇದ್ದಾನೆ ಅಂತ ಬಸ್ಸಿನ ಮೇಲೆ ಬರೆಸಿದರು. ಮುಗಿಯಿತು. ಬಿಎಂಟಿಸಿ ಬಸ್ಸಿಗೆ ಇಂಥದೊಂದು ಸಾಲು ಅಂಟಿಸಿ ಮೆಜೆಸ್ಟಿಕ್‌ನಿಂದ ಬಿಡಿ ನೋಡೋಣ. ಕಾರ್ಪೊರೇಷನ್ ಸರ್ಕಲ್ ದಾಟಿದರೆ ಹೇಳಿ.

ಇಲ್ಲಿಯ ದೇವನಿಂದನೆ ಕಾನೂನನ್ನು 2008ರಲ್ಲಿ ತೆಗೆದುಹಾಕಿದರು. ನಮ್ಮದು 1927ರಲ್ಲಿ ಬ್ರಿಟಿಷರೇ ಸೇರಿಸಿದ 295ಎ. ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದಾಗ ಸೆಕ್ಷನ್ನಿನ ನಂಬರು 299 ಆಯಿತು. ಮಾಡಿಟ್ಟು ಹೋದವರು ತಮ್ಮ ಮನೆಯದನ್ನು ಎಸೆದರು, ನಾವು ಧೂಳು ಒರೆಸಿ ಇಟ್ಟುಕೊಂಡಿದ್ದೇವೆ.

ಪ್ರಶ್ನೆ ಕೇಳುವುದು ನಮಗೆ ಹೊಸದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದು, ನಮ್ಮೆದುರು ಮಾಡಿ ತೋರಿಸಿ ಅಂತ ಕರೆದರು. ಬಾಬಾ ಒಪ್ಪಲಿಲ್ಲ, ಆ ಮಾತು ಬೇರೆ. ಗಾಂಧಿ ಟೋಪಿ ಹಾಕಿಕೊಂಡು ಹಾಸ್ಟೆಲ್ ರೂಮಿನಲ್ಲಿ ಬದುಕಿದ ಒಬ್ಬ ಮೇಷ್ಟ್ರು ಅಷ್ಟು ದೊಡ್ಡವರಿಗೆ ಹಾಗೆ ಬರೆದರು, ಆಮೇಲೂ ವರ್ಷಗಟ್ಟಲೆ ಬಸವನಗುಡಿಯ ರಸ್ತೆಗಳಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು. ಇವತ್ತು ಯಾವ ಕುಲಪತಿ ಅಂಥ ಪತ್ರಕ್ಕೆ ಸಹಿ ಹಾಕುತ್ತಾರೆ?

ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ, ಪಾರ್ಲಿಮೆಂಟಿನ ಆಚೆ ದಡದಲ್ಲಿ, ಬಸವಣ್ಣನವರ ಪ್ರತಿಮೆ ಇದೆ. ಊರಿಂದ ಯಾರೇ ಬರಲಿ, ಕರೆದುಕೊಂಡು ಹೋಗುತ್ತೇನೆ. ಫೋಟೊ ತೆಗೆಸಿಕೊಳ್ಳುತ್ತಾರೆ, ಹೆಮ್ಮೆ ಪಡುತ್ತಾರೆ. ನನಗೂ ಹೆಮ್ಮೆಯೇ. ಪ್ರಧಾನಿ ಅದನ್ನು ಅನಾವರಣ ಮಾಡಿದ್ದು 2015ರ ನವೆಂಬರ್ 14ರಂದು. ವಚನಗಳನ್ನು ಓದುವುದರಲ್ಲೇ ಬದುಕು ಕಳೆದ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದದ್ದು ಅದೇ ವರ್ಷ ಆಗಸ್ಟ್ 30ರ ಬೆಳಗ್ಗೆ. ಮೂರು ತಿಂಗಳೂ ತುಂಬಿರಲಿಲ್ಲ. ಜೊತೆಗೆ ಬಂದವರಿಗೆ ಇದನ್ನು ಹೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಇಲ್ಲಿ ಬಂದೂ ಇದೆಲ್ಲ ಯಾಕೆ ಬಿಡಿ ಅಂತಾರೆ.

ಸರಿ, ಕೆಲವು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ.

ಇಲ್ಲೂ ಎಲ್ಲ ಪ್ರಶ್ನೆಗಳೂ ಪುಕ್ಕಟೆ ಅಲ್ಲ. 2021ರಲ್ಲಿ ಯಾರ್ಕ್‌ಶೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ ಒಬ್ಬ ಮೇಷ್ಟ್ರು ತರಗತಿಯಲ್ಲಿ ಪ್ರವಾದಿಯ ವ್ಯಂಗ್ಯಚಿತ್ರ ತೋರಿಸಿದರು. ಶಾಲೆ ಮುಂದೆ ಜನ ಸೇರಿದರು. ಆ ಮನುಷ್ಯ ಸಂಸಾರ ಸಮೇತ ಊರು ಬಿಟ್ಟು ತಲೆಮರೆಸಿಕೊಳ್ಳಬೇಕಾಯಿತು.

ನಾಯಿ ಫೋಟೊದವನಿಗೆ ಅಷ್ಟು ತಣ್ಣಗೆ ಮಾತಾಡಲು ಆಗಿದ್ದು ಯಾಕೆ ಅಂತ ಆಮೇಲೆ ಯೋಚಿಸಿದೆ. ಅವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಇಲ್ಲಿ ಎಷ್ಟೋ ಚರ್ಚುಗಳು ಫ್ಲ್ಯಾಟ್ ಆಗಿವೆ, ಕೆಫೆ ಆಗಿವೆ. ಅವನ ಅಕ್ಕನ ಮದುವೆ ದೇವರ ಮೇಲೆ ನಿಂತಿಲ್ಲ. ನಮ್ಮೂರಿನಲ್ಲಿ ದೇವಸ್ಥಾನ ಅಂದರೆ ಬರೀ ದೇವರಲ್ಲವಲ್ಲ. ಜಮೀನು ಇದೆ, ಜಾತ್ರೆ ಇದೆ, ತೇರಿನ ಹಗ್ಗ ಮೊದಲು ಮುಟ್ಟುವವರು ಯಾರು, ಪಂಕ್ತಿಯಲ್ಲಿ ಎಲ್ಲಿ ಕೂರುವವರು ಯಾರು ಅನ್ನುವುದಿದೆ. ಯಾರನ್ನು ಹೊಸಿಲು ದಾಟಲು ಬಿಡಲಿಲ್ಲವೋ ಅವರ ಮೊಮ್ಮಗ ದೇವರ ಬಗ್ಗೆ ಪ್ರಶ್ನೆ ಎತ್ತಿದರೆ ಅವನು ಪುರಾವೆ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾನೆ. ಅಲ್ಲಿ ಕೇಳಿದವನು ಯಾರು ಅನ್ನುವುದಕ್ಕೆ ನಿಜವಾಗಲೂ ಬೆಲೆ ಇದೆ. ನಾನು ರೆಡಿಂಗ್‌ನಲ್ಲಿ ಹೀಟರ್ ಮುಂದೆ ಕೂತು ನಿಂಬೆಹಣ್ಣಿನ ಮೇಲೆ ತಮಾಷೆ ಮಾಡುವುದೂ ಅವನು ಊರಲ್ಲೇ ನಿಂತು ಕೇಳುವುದೂ ಒಂದೇ ಅಲ್ಲ. ಅದನ್ನು ಬಲ್ಲವರೊಬ್ಬರು ಆ ಕನ್ನಡ ಗುಂಪಿನಲ್ಲಿ ಇದ್ದರು. 'ನಿಮಗೆ ಇದು ಜೋಕು, ನಮಗಲ್ಲ' ಅಂತ ಒಂದೇ ಸಾಲು ಬರೆದಿದ್ದರು. ಲೈಕು ಬಂದಿರಲಿಲ್ಲ.

ಇನ್ನೊಂದು. ಪೌಂಡು ಎಣಿಸುತ್ತೀರಿ ಅಂತ ಬೈದಿದ್ದರಲ್ಲ, ಅವರು ಬೇಸಿಗೆ ಹೊತ್ತಿಗೆ ಇನ್‌ಬಾಕ್ಸಿಗೆ ಬಂದರು. 'ಸರ್, ಅವತ್ತಿನ ಮಾತು ಮನಸ್ಸಲ್ಲಿ ಇಟ್ಕೋಬೇಡಿ. ನಮ್ಮಣ್ಣನ ಮಗಳು ನಿಮ್ಮೂರಿಗೇ ಓದೋಕೆ ಬರ್ತಿದಾಳೆ. ರೂಮು ಗೀಮು ಸ್ವಲ್ಪ ನೋಡ್ತೀರಾ?' ತಿಪಟೂರು ಅಂದಿದ್ದನ್ನು ನೆನಪಿಟ್ಟುಕೊಂಡಿದ್ದರು. ಅವರದು ಗುಬ್ಬಿಯಂತೆ. ರೂಮು ನೋಡಿಕೊಟ್ಟೆವು. ಹುಡುಗಿ ಬಂದ ವಾರ ನನ್ನ ಹೆಂಡತಿ ಅವಳಿಗೆ ಸ್ವೆಟರ್ ಕೊಡಿಸಿಕೊಂಡು ಬಂದಳು. ಅವರು ಈಗಲೂ ನಾನು ಏನು ಬರೆದರೂ ಬೈಯುತ್ತಾರೆ.

ಇದನ್ನು ನಮ್ಮ ಜನರ ದೊಡ್ಡಗುಣ ಅಂತ ಹಾಡಿ ಹೊಗಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಅಪರಿಚಿತನ ಮನೆದೇವರು ಕೇಳಿದ್ದು ತಪ್ಪೇ, ಈಗಲೂ ತಪ್ಪೇ. ಆದರೆ ನಾಯಿ ಫೋಟೊದವನ ಮನೆ ಹುಡುಗಿ ನಾಳೆ ಬೆಂಗಳೂರಿಗೆ ಓದಲು ಹೋದರೆ ಅವನು ನನ್ನನ್ನು ಕೇಳುವುದಿಲ್ಲ. ಒಂದು ವಾರ ಜಗಳ ಆಡಿದವನ ಹೆಸರೇ ನನಗೆ ಗೊತ್ತಿಲ್ಲ, ನಾನೂ ಕೇಳಲಿಲ್ಲ.