ಮಗಳಿಗೆ ಯಾವ ಖಾತೆ?

ಶಾರ್ಜಾದಿಂದ ದುಬೈಗೆ ಬೆಳಗಿನ ಹೊತ್ತು ಟ್ಯಾಕ್ಸಿ ಹತ್ತಿದರೆ ರಾಜಕೀಯ ಮಾತಾಡದೆ ಬೇರೆ ದಾರಿ ಇಲ್ಲ. ಗಾಡಿ ಮುಂದಕ್ಕೆ ಹೋಗೋದೇ ಇಲ್ಲ, ಇನ್ನೇನು ಮಾಡೋದು? ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ನನಗೆ ಸಿಗುವ ಪಾಕಿಸ್ತಾನಿ ಡ್ರೈವರ್‌ಗಳಲ್ಲಿ ಪೇಶಾವರ ಕಡೆಯ ಪಠಾಣರೇ ಜಾಸ್ತಿ. ಹೋದ ತಿಂಗಳು ಸಿಕ್ಕವರು ಮಾತ್ರ ಮುಜಫ್ಫರ್‌ಗಢದವರು. ಅದು ದಕ್ಷಿಣ ಪಂಜಾಬ್. ಒಂದು ಕಡೆ ಚೆನಾಬ್, ಇನ್ನೊಂದು ಕಡೆ ಸಿಂಧೂ ನದಿ, ನಡುವೆ ಮಾವು, ಹತ್ತಿ, ಕಬ್ಬು. ಕಬ್ಬು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಮದ್ದೂರು ತಾಲ್ಲೂಕಿನವನು.

"ಹಿನಾ ರಬ್ಬಾನಿ ಖರ್ ನಿಮ್ಮೂರಿನವರೇ ಅಲ್ವಾ?" ಎಂದು ಕೇಳಿದೆ.

"ಖರ್ ಸಾಹೇಬರ ಮಗಳು," ಎಂದು ನನ್ನನ್ನು ತಿದ್ದಿದರು.

ಪಾಕಿಸ್ತಾನದ ವಿದೇಶಾಂಗ ಮಂತ್ರಿಯಾಗಿದ್ದ ಹೆಂಗಸು. ಊರಿನವರ ಬಾಯಲ್ಲಿ ಇನ್ನೂ ಮಗಳು. ಅವರು ಅವಮಾನ ಮಾಡೋಕೆ ಹಾಗೆ ಅಂದಿದ್ದಲ್ಲ. ನಮ್ಮ ಕಡೆ "ಪಟೇಲ್ರ ಮಗಳು" ಅಂದ ಹಾಗೇ ಅಷ್ಟೆ. ಆದರೆ ಆಕೆಯ ರಾಜಕೀಯದ ಕತೆಯೆಲ್ಲ ಆ ಒಂದು ಮಾತಲ್ಲಿ ಇದೆ ಅಂತ ನನಗೆ ಆಮೇಲೆ ಅನಿಸಿತು.

ಹಿನಾ ರಾಜಕೀಯಕ್ಕೆ ಬಂದ ರೀತಿಯೇ ವಿಚಿತ್ರ. 2002ರ ಚುನಾವಣೆಗೆ ಜನರಲ್ ಮುಷರಫ್ ಒಂದು ನಿಯಮ ತಂದರು: ಪದವಿ ಇಲ್ಲದವರು ಸ್ಪರ್ಧಿಸುವ ಹಾಗಿಲ್ಲ. ಹಿನಾ ಅವರ ಅಪ್ಪ ಗುಲಾಂ ನೂರ್ ರಬ್ಬಾನಿ ಖರ್ ದೊಡ್ಡ ಜಮೀನ್ದಾರರು, ರಾಜಕೀಯದಲ್ಲಿ ಪಳಗಿದವರು, ಆದರೆ ಡಿಗ್ರಿ ಇರಲಿಲ್ಲ. ಅಪ್ಪನ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಗುಲಾಂ ಮುಸ್ತಫಾ ಖರ್, ಜುಲ್ಫಿಕರ್ ಅಲಿ ಭುಟ್ಟೋ ಕಾಲದಲ್ಲಿ ಪಂಜಾಬಿಗೆ ಗವರ್ನರೂ ಮುಖ್ಯಮಂತ್ರಿಯೂ ಆಗಿದ್ದವರು. ಅಂಥ ಮನೆಯ ಸೀಟು ಕೈಬಿಟ್ಟು ಹೋಗೋದುಂಟೇ? ಲಾಹೋರಿನಲ್ಲಿ ಅರ್ಥಶಾಸ್ತ್ರ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎಂಎಸ್ಸಿ ಮುಗಿಸಿ ಬಂದಿದ್ದ ಮಗಳನ್ನು ನಿಲ್ಲಿಸಿದರು. ಸಭೆಗಳಲ್ಲಿ ಮಾತಾಡಿದ್ದು ಅಪ್ಪ. ಮನೆಮನೆಗೆ ಹೋಗಿ ಕೈಮುಗಿದದ್ದು ಅಪ್ಪ. ಪೋಸ್ಟರುಗಳಲ್ಲಿ ಅಭ್ಯರ್ಥಿಯ ಮುಖವೇ ಇರಲಿಲ್ಲ ಎಂದು ಆಮೇಲಿನ ಪತ್ರಿಕೆಗಳು ಬರೆದವು. ಇಪ್ಪತ್ತೈದರ ಆಸುಪಾಸಿನ ಹುಡುಗಿ ಗೆದ್ದು ಇಸ್ಲಾಮಾಬಾದಿಗೆ ಹೋದಳು.

ಇಲ್ಲಿಯವರೆಗೆ ಕೇಳಿದರೆ "ಅಯ್ಯೋ, ಡಮ್ಮಿ ಕ್ಯಾಂಡಿಡೇಟು" ಅನ್ನಬಹುದು. ನಮ್ಮಲ್ಲಿ ಪಂಚಾಯ್ತಿ ಸದಸ್ಯೆಯ ಬದಲು ಗಂಡ ಬಂದು ಮೀಟಿಂಗಲ್ಲಿ ಕೂರೋದನ್ನು ನೋಡಿದವರಿಗೆ ಇದೇನು ಹೊಸದಲ್ಲ. ಆದರೆ ಹಿನಾ ಸುಮ್ನೆ ಕೂತವರಲ್ಲ. ಮುಷರಫ್ ಕಾಲದಲ್ಲೇ ಆರ್ಥಿಕ ವ್ಯವಹಾರಗಳ ರಾಜ್ಯ ಸಚಿವೆಯಾದರು. 2008ರಲ್ಲಿ ಹಳೇ ಪಕ್ಷ ಟಿಕೆಟ್ ಕೊಡದಿದ್ದಾಗ ಪೀಪಲ್ಸ್ ಪಾರ್ಟಿಗೆ ಹೋಗಿ ಮತ್ತೆ ಗೆದ್ದರು. 2009ರ ಜೂನ್‌ನಲ್ಲಿ ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಬಜೆಟ್ ಓದಿದರು. ಅಲ್ಲಿ ಬಜೆಟ್ ಮಂಡಿಸಿದ ಮೊದಲ ಹೆಂಗಸು ಅವರೇ. 2011ರ ಜುಲೈನಲ್ಲಿ, ಇನ್ನೂ 35 ತುಂಬದ ವಯಸ್ಸಿಗೆ, ವಿದೇಶಾಂಗ ಮಂತ್ರಿ.

ಆ ತಿಂಗಳೇ ದೆಹಲಿಗೆ ಬಂದರು. ಎದುರು ಕೂತದ್ದು ಯಾರು? ಆಗ ನಮ್ಮ ವಿದೇಶಾಂಗ ಮಂತ್ರಿಯಾಗಿದ್ದ, ನಮ್ಮ ಸೋಮನಹಳ್ಳಿಯ ಎಸ್. ಎಂ. ಕೃಷ್ಣ. ಆಗ ಅವರಿಗೆ 79. ಮೊಮ್ಮಗಳ ವಯಸ್ಸಿನ ಮಂತ್ರಿಯ ಜೊತೆ ಕೂತು ಕಾಶ್ಮೀರದ ಗಡಿ ರೇಖೆಯ ಆಚೀಚೆ ವ್ಯಾಪಾರ ನಡೆಯೋ ದಿನಗಳನ್ನು ವಾರಕ್ಕೆ ಎರಡರಿಂದ ನಾಲ್ಕಕ್ಕೆ ಏರಿಸಿದರು. ಹಿನಾ ದೆಹಲಿಗೆ ಬಂದವರೇ ಮೊದಲು ಕಾಶ್ಮೀರದ ಪ್ರತ್ಯೇಕತಾವಾದಿ ಹುರಿಯತ್ ನಾಯಕರನ್ನು ಕಂಡಿದ್ದರು. ಅದು ನಮ್ಮ ಸರ್ಕಾರಕ್ಕೆ ಇಷ್ಟ ಆಗಿರಲಿಲ್ಲ. ಚರ್ಚೆ ಮಾಡೋಕೆ ಇಷ್ಟು ವಿಷಯ ಇತ್ತು. ನಮ್ಮ ಟಿವಿಯವರು ಏನು ಮಾಡಿದರು? ಬ್ಯಾಗು ನೋಡಿದರು. ದುಬಾರಿ ಬರ್ಕಿನ್ ಬ್ಯಾಗು, ರೊಬೆರ್ಟೊ ಕವಾಲಿ ಕಂಪನಿಯ ಕನ್ನಡಕ, ಮುತ್ತಿನ ಸರ. ಬೆಲೆ ಎಷ್ಟು, ಎಲ್ಲಿ ಸಿಗುತ್ತೆ, ಪಕ್ಕದಲ್ಲಿ ಬಾಣದ ಗುರುತು ಬೇರೆ.

ಬಟ್ಟೆಬರೆ ವಿಷಯದಲ್ಲಿ ನಮ್ಮ ಕೃಷ್ಣ ಏನು ಕಡಿಮೆ ಇದ್ದರೇ? ಅವರಷ್ಟು ಅಚ್ಚುಕಟ್ಟಾಗಿ ಸೂಟು ಹಾಕುತ್ತಿದ್ದ ಮುಖ್ಯಮಂತ್ರಿಯನ್ನು ಮಂಡ್ಯದವರು ಬೇರೆ ಕಂಡಿಲ್ಲ. ಟೆನಿಸ್ ಆಡುವ ಗೌಡ್ರು ಅಂತ ನಮ್ಮಲ್ಲಿ ಹೆಮ್ಮೆ. ಆ ಸೂಟು ಹೊಲಿದ ಟೈಲರ್ ಯಾರು ಅಂತ ಯಾವ ಚಾನೆಲ್ಲೂ ಅವತ್ತು ಕೇಳಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅವರು ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣದ ಹಾಳೆಯನ್ನು ತಮ್ಮದೆಂದು ಕೆಲವು ನಿಮಿಷ ಓದಿಬಿಟ್ಟಿದ್ದರು. ನಕ್ಕೆವು, ಮರೆತೆವು. ಆ ತಪ್ಪು ಹಿನಾ ಮಾಡಿದ್ದರೆ ಮರೆಯುತ್ತಿದ್ದೆವಾ? ಆ ಬ್ಯಾಗನ್ನು ಜನ ಇವತ್ತಿಗೂ ಮರೆತಿಲ್ಲ. ಹಿನಾ ಹೆಸರು ಹೇಳಿದರೆ ನಮ್ಮ ಸಂಘದ ಗೆಳೆಯರಿಗೆ ಮೊದಲು ನೆನಪಾಗೋದು ಅದೇ. (ನನಗೂ ಅದೇ ನೆನಪಾಗಿತ್ತು, ಸುಳ್ಳು ಯಾಕೆ ಹೇಳಲಿ.)

ಈಗ ಅಸಲು ವಿಷಯ. ಪದವಿ ಬೇಕು ಅನ್ನುವ ನಿಯಮವನ್ನು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೆಗೆದುಹಾಕಿತು. 2013ರ ಚುನಾವಣೆ ಬಂತು. ವರ್ಷಗಟ್ಟಲೆ ರಾಜ್ಯ ಸಚಿವೆಯಾಗಿ, ಮಂತ್ರಿಯಾಗಿ ದುಡಿದ, ಎರಡು ಸಲ ಗೆದ್ದ ಮಗಳು ನಿಲ್ಲಲಿಲ್ಲ. ಅಪ್ಪ ನಿಂತರು. ಸೋತರು ಕೂಡ. ಸೋಲಿಸಿದ್ದು ಜಮ್ಶೇದ್ ದಸ್ತಿ ಎಂಬ ಬಡವರ ಮನೆಯ ರಾಜಕಾರಣಿ. ಈ ದಸ್ತಿಯ ಕತೆ ಇನ್ನೊಂದು ತಮಾಷೆ. ಡಿಗ್ರಿ ನಕಲಿ ಎಂಬ ಕೇಸಿನಲ್ಲಿ ಸಿಕ್ಕಿ 2010ರಲ್ಲಿ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಅದೇ ಸೀಟನ್ನು ಮತ್ತೆ ಗೆದ್ದವರು. ಒಂದೇ ನಿಯಮ. ಒಂದು ಮನೆಯಲ್ಲಿ ಮಗಳ ಅಸಲಿ ಡಿಗ್ರಿ ಕೆಲಸಕ್ಕೆ ಬಂತು. ಇನ್ನೊಬ್ಬರಿಗೆ ಕೋರ್ಟು ಹತ್ತಿಸಿತು.

2018ಕ್ಕೆ ಆ ಮನೆಯಿಂದ ನಿಂತು ಗೆದ್ದದ್ದು ಹಿನಾ ಅವರ ಸೋದರ ರಜಾ ರಬ್ಬಾನಿ ಖರ್. ಹಿನಾ ಅಸೆಂಬ್ಲಿಗೆ ಬಂದದ್ದು ಮಹಿಳಾ ಮೀಸಲು ಸೀಟಿನಲ್ಲಿ. 2024ರಲ್ಲೂ ಹಾಗೇ. ಅಲ್ಲಿನ ಮೀಸಲು ನಮ್ಮ ಪಂಚಾಯ್ತಿಯ ಹಾಗಲ್ಲ. ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಹೆಂಗಸರಿಗೆ 60 ಸೀಟು. ಪಕ್ಷ ಗೆದ್ದ ಕ್ಷೇತ್ರಗಳ ಲೆಕ್ಕದಲ್ಲಿ ಅವನ್ನು ಹಂಚುತ್ತಾರೆ, ಹೆಸರುಗಳ ಪಟ್ಟಿ ಪಕ್ಷವೇ ಕೊಡುತ್ತದೆ. ಓಟು ಕೇಳುವ ಹಾಗಿಲ್ಲ, ಊರು ಸುತ್ತುವ ಹಾಗಿಲ್ಲ, ಹೇಳಿಕೊಳ್ಳೋಕೆ ಒಂದು ಕ್ಷೇತ್ರವೂ ಇಲ್ಲ. ನಮ್ಮಲ್ಲಿ ಪಂಚಾಯ್ತಿಗೆ ಮೀಸಲಲ್ಲಿ ನಿಂತವಳೂ ಬಾಗಿಲಿಗೆ ಬಂದು ಓಟು ಕೇಳಲೇಬೇಕು. ಹಿಂದೆ ಗಂಡ ನಿಂತಿರಲಿ, ಮುಖ ಅವಳದೇ ತಾನೇ? ಈ ಒಂದು ವಿಷಯದಲ್ಲಿ ನಮ್ಮ ರೀತಿ ಮೇಲು ಅಂತ ಧೈರ್ಯವಾಗಿ ಹೇಳುತ್ತೇನೆ.

ಉಳಿದಂತೆ ಬೀಗುವುದು ಬೇಡ. ಅವರಲ್ಲಿ ಮಗಳು, ನಮ್ಮ ಮಂಡ್ಯದಲ್ಲಿ ಹೆಂಡತಿ. ಅಂಬರೀಶ್ ತೀರಿಕೊಂಡ ಮೇಲೆ 2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತು, ದೇವೇಗೌಡರ ಮೊಮ್ಮಗನನ್ನು ಲಕ್ಷಕ್ಕೂ ಹೆಚ್ಚು ಓಟುಗಳಿಂದ ಸೋಲಿಸಿದರು. ಪೋಸ್ಟರಲ್ಲಿ ಮುಖ ಇತ್ತು, ಮೈಕ್ ಹಿಡಿದದ್ದೂ ಅವರೇ. ಆದರೂ ನಮ್ಮೂರ ಜಗಲಿಯಲ್ಲಿ ಕೇಳಿದ ಮಾತು "ಅಂಬಿ ಮನೆಯವ್ರಿಗೆ ಹಾಕ್ದೆ". ಹೆಸರು ಹೇಳಿದವರು ಕಡಿಮೆ. 2024ರಲ್ಲಿ ಅವರೂ ಕಣದಲ್ಲಿ ಇರಲಿಲ್ಲ.

"ಖರ್ ಸಾಹೇಬರ ಡೇರಾಗೆ ಜನ ಯಾಕೆ ಹೋಗ್ತಾರೆ?" ಎಂದು ಡ್ರೈವರ್‌ನ ಕೇಳಿದ್ದೆ. ಡೇರಾ ಅಂದರೆ ಜಮೀನ್ದಾರರು ಊರವರನ್ನು ಕಾಣುವ ಜಾಗ. "ಥಾನಾ, ಕಚೇರಿ," ಅಂದರು. ಪೊಲೀಸ್ ಸ್ಟೇಷನ್ನು, ಕೋರ್ಟು. ಎಮ್ಮೆ ಕಳುವಾಯ್ತು, ಕಾಲುವೆ ನೀರಿಗೆ ಜಗಳ ಆಯ್ತು, ಹುಡುಗನ್ನ ಎತ್ತಾಕೊಂಡು ಹೋದ್ರು. ರಾತ್ರಿ ಹನ್ನೊಂದಕ್ಕೆ ಡೇರಾದಲ್ಲಿ ಹಗ್ಗದ ಮಂಚದ ಮೇಲೆ ಕೂತು ಸಾಹೇಬರು ಫೋನ್ ಮಾಡಿಸಬೇಕು. ಅಲ್ಲಿ ಗಂಡಸರು ಮಾತ್ರ ಕೂರುವುದು. ಮಗಳು ಕೂರೋ ಹಾಗಿಲ್ಲ. ಓಟು ಇರುವುದು ಆ ಮಂಚದಲ್ಲಿ. ಇಸ್ಲಾಮಾಬಾದಿನ ಕುರ್ಚಿಯಲ್ಲಿ ಅಲ್ಲ.

2022ರಲ್ಲಿ ಹಿನಾ ವಿದೇಶಾಂಗ ಖಾತೆಗೆ ರಾಜ್ಯ ಸಚಿವೆಯಾಗಿ ವಾಪಸು ಬಂದರು. ಆ ನವೆಂಬರಿನಲ್ಲಿ ಕಾಬೂಲಿಗೆ ಹೋಗಿ ತಾಲಿಬಾನ್ ಮಂತ್ರಿಗಳ ಎದುರು ಕೂತು ಮಾತಾಡಿದರು. ಹುಡುಗಿಯರ ಹೈಸ್ಕೂಲಿಗೆ ಬೀಗ ಹಾಕಿದ್ದವರ ಎದುರು. ತಾಲಿಬಾನ್ ಮೇಜಿನಲ್ಲಿ ಜಾಗ ಸಿಕ್ಕಿತು, ಸ್ವಂತ ಊರಿನ ಮಂಚದಲ್ಲಿ ಸಿಗಲಿಲ್ಲ.

ನಮ್ಮೂರಲ್ಲಿ ಖಾತೆ ಅಂದರೆ ಮೊದಲು ಹೊಳೆಯೋದು ಮಂತ್ರಿ ಖಾತೆ ಅಲ್ಲ, ಜಮೀನಿನ ಖಾತೆ. ಖರ್ ಮನೆಯಲ್ಲಿ ಮಂತ್ರಿ ಖಾತೆ ಮಗಳಿಗೆ ಬಂತು. ಕ್ಷೇತ್ರವೂ ಒಂಥರಾ ಜಮೀನೇ ಅಲ್ವಾ? ಅದು ಗಂಡುಮಗನ ಹೆಸರಿಗೆ ಹೋಯ್ತು. ಇದನ್ನು ಡ್ರೈವರ್‌ಗೆ ನನ್ನ ಹರುಕು ಉರ್ದುವಿನಲ್ಲಿ ವಿವರಿಸಿದೆ. ಅವರು ಜೋರಾಗಿ ನಕ್ಕರು.

"ಭಾಯ್ ಸಾಬ್, ನಮ್ಮಲ್ಲಿ ಶರೀಯತ್ ಪ್ರಕಾರ ಮಗನಿಗೆ ಎರಡು ಪಾಲಾದ್ರೆ ಮಗಳಿಗೆ ಒಂದು. ಅಕ್ಕತಂಗಿಯರು ಅದನ್ನೂ ಮಾಫ್ ಮಾಡಿಬಿಡ್ತಾರೆ. ನಿಮ್ಮಲ್ಲಿ ಕಾನೂನು ಹೇಗೆ?"

ಸಮಪಾಲು ಅಂದೆ. ಕರ್ನಾಟಕದಲ್ಲಿ 1994ರಿಂದಲೇ ಇದೆ, ದೇಶಕ್ಕೆಲ್ಲ 2005ರಲ್ಲಿ ಬಂತು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ.

"ನಿಮ್ಮ ತಂಗಿಗೆ ಎಷ್ಟು ಬಂತು?"

ಅಪ್ಪ ತೀರಿಕೊಂಡ ವರ್ಷ ನಾನು ರಜೆಗೆ ಊರಿಗೆ ಹೋಗಿದ್ದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ಎರಡು ಗಂಟೆ ಕಾದೆವು. ತಂಗಿ ಎಂಎ ಓದಿದವಳು, ಹೈಸ್ಕೂಲ್ ಟೀಚರ್. ಹಕ್ಕು ಬಿಡುಗಡೆ ಪತ್ರದ ಪ್ರತಿ ಹಾಳೆಯನ್ನೂ ಓದಿ, ಒಂದು ಕಡೆ ಸರ್ವೆ ನಂಬರ್ ತಪ್ಪಾಗಿದೆ ಅಂತ ಬರಹಗಾರನಿಗೆ ತೋರಿಸಿ ಸರಿಮಾಡಿಸಿ, ಆಮೇಲೆ ಸಹಿ ಹಾಕಿದಳು. ಹೆಬ್ಬೆಟ್ಟಿನ ಇಂಕು ಒರೆಸಿಕೊಳ್ಳೋಕೆ ನನ್ನ ಕರ್ಚೀಫನ್ನೇ ಕೊಟ್ಟೆ. ಮಧ್ಯಾಹ್ನ ಹೋಟೆಲಿನಲ್ಲಿ ಊಟ ಮಾಡಿದೆವು.

"ಒಂದು ರೇಷ್ಮೆ ಸೀರೆ," ಎಂದೆ.

ಅವರು ಮತ್ತೆ ನಗಲಿಲ್ಲ. ಮುಂದಿನ ಗಾಡಿ ಅರ್ಧ ಮೀಟರ್ ಸರಿಯಿತು, ನಾವೂ ಸರಿದೆವು.